ಚಡಾವಿನಲ್ಲಿ ಉಸಿರು ಕಟ್ಟುವ ಡೀಸೆಲ್ ಜೀಪು: ದೋಷವನ್ನು ಟ್ಯಾಂಕಿನಿಂದ ನಾಝಲ್‌ವರೆಗೆ ಹುಡುಕುವ ಕ್ರಮ

ಕೊಡಚಾದ್ರಿಯ ಮಣ್ಣುದಾರಿಯಲ್ಲೋ ಮಾಂದಲಪಟ್ಟಿಯ ಕಲ್ಲುದಾರಿಯಲ್ಲೋ ಹಳೆಯ ಜೀಪು ಓಡಿಸಿದವರಿಗೆ ಈ ಅನುಭವ ಹೊಸದಲ್ಲ. ಡಾಂಬರು ರಸ್ತೆಯಲ್ಲಿ ಯಾವ ತಕರಾರೂ ಇಲ್ಲದೆ ಬಂದ ಗಾಡಿ, ಚಡಾವಿನ ಅರ್ಧಕ್ಕೆ ಬರುವಷ್ಟರಲ್ಲಿ ಮಿಸ್ ಹೊಡೆಯಲು ಶುರುಮಾಡುತ್ತದೆ. ಆಕ್ಸಲರೇಟರ್ ಎಷ್ಟು ಒತ್ತಿದರೂ ಎತ್ತಿಕೊಳ್ಳದೆ, ಉಸಿರು ಕಟ್ಟಿದವರ ಹಾಗೆ ಎರಡು ಸಲ ಎಳೆದು ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಎಂಜಿನ್ನಿಗೆ ಬೇಕಾದಷ್ಟು ಡೀಸೆಲ್ ಬೇಕಾದ ಹೊತ್ತಿಗೆ ತಲುಪುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಬೇಕಿಲ್ಲ.

ನಮ್ಮ ಕಾಫಿ ತೋಟದ ಜೀಪಿನಲ್ಲಿ ಈ ತೊಂದರೆ ಕಾಣಿಸಿಕೊಂಡದ್ದು ಕೊಯ್ಲಿನ ಕಾಲದಲ್ಲಿ, ಕಣಕ್ಕೆ ಹಣ್ಣು ಸಾಗಿಸುವ ಒತ್ತಡ ಹೆಚ್ಚಿದ್ದಾಗ. ಡೀಸೆಲನ್ನು ಅಳೆದು ಹೆಚ್ಚಿನ ಒತ್ತಡದಲ್ಲಿ ಕಳಿಸುವ ಇಂಜೆಕ್ಷನ್ ಪಂಪು ಇಳಿಸಿ ಕ್ಯಾಲಿಬ್ರೇಶನ್ ಮಾಡಿಸಿದೆವು, ಅದನ್ನು ಸಿಲಿಂಡರಿನೊಳಕ್ಕೆ ಸಿಂಪಡಿಸುವ ನಾಝಲ್‌ಗಳನ್ನು ಬದಲಿಸಿದೆವು, ಫಿಲ್ಟರ್ ಎರಡು ಸಲ ಹೊಸದು ಹಾಕಿದೆವು. ಗಾಡಿ ಮತ್ತೆ ಅದೇ ತಿರುವಿನಲ್ಲಿ ನಿಂತಿತು. ಕೊನೆಗೆ ದೋಷ ಸಿಕ್ಕಿದ್ದು ಟ್ಯಾಂಕಿನಿಂದ ಹೊರಡುವ ಎರಡು ಗೇಣುದ್ದದ ರಬ್ಬರ್ ಹೋಸಿನಲ್ಲಿ. ಹೊರಗಿನಿಂದ ನೋಡಿದರೆ ಅದಕ್ಕೆ ಒಂದು ಬಿರುಕೂ ಇರಲಿಲ್ಲ. ಉದ್ದಕ್ಕೆ ಸೀಳಿ ನೋಡಿದಾಗ ಒಳಪದರ ಕಿತ್ತುಬಂದು ಕಿರುನಾಲಿಗೆಯಂತೆ ನೇತಾಡುತ್ತಿತ್ತು. ಎಂಜಿನ್ ಜೋರಾಗಿ ಎಳೆದಾಗಲೆಲ್ಲ ಆ ನಾಲಿಗೆ ದಾರಿಗೆ ಅಡ್ಡ ಮಲಗುತ್ತಿತ್ತು, ಎಳೆತ ನಿಂತಾಗ ಸರಿದುಕೊಳ್ಳುತ್ತಿತ್ತು. ಪಂಪಿಗೆ ಸುರಿದ ಹಣದ ನೂರರಲ್ಲಿ ಒಂದು ಪಾಲೂ ಆ ಹೋಸಿಗೆ ಬೇಕಿರಲಿಲ್ಲ. ಅಂದಿನಿಂದ ನಾನು ಪಾಲಿಸುವ ಕ್ರಮ ಒಂದೇ: ಟ್ಯಾಂಕಿನಿಂದ ಹೊರಟು ಡೀಸೆಲ್ ಹರಿಯುವ ದಿಕ್ಕಿನಲ್ಲೇ ಹುಡುಕುತ್ತ ಹೋಗಬೇಕು, ಪಂಪಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಈ ಬರಹ ಆ ಕ್ರಮದ ವಿವರಣೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಮೆಕ್ಯಾನಿಕಲ್ ಪಂಪಿರುವ ಗಾಡಿಗಳಿಗೆ, ಅಂದರೆ 2112 ಸಿ.ಸಿ.ಯ ಪ್ಯೂಜೊ ಎಂಜಿನ್ನಿನ ಮಹೀಂದ್ರ ಎಂಎಂ 540, 2523 ಸಿ.ಸಿ.ಯ ಡಿ.ಐ. ಎಂಜಿನ್ನಿನ ಜೀಪು ಮತ್ತು ಬೊಲೆರೊಗಳಂಥವಕ್ಕೆ ಅನ್ವಯಿಸುತ್ತದೆ. ಕಾಮನ್ ರೈಲ್ ಎಂಜಿನ್ನಿನ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಅತಿ ಒತ್ತಡದ ಡೀಸೆಲ್ ಒದಗುವ ಎಂಜಿನ್) ಥಾರ್ ಮೊದಲಾದವುಗಳಲ್ಲಿ ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ಹುಡುಕಾಟ ಹೆಚ್ಚುಕಡಿಮೆ ಇದೇ ರೀತಿ. ಅದರಾಚೆಗಿನದು ಬೇರೆ, ಅದನ್ನು ಪ್ರತ್ಯೇಕವಾಗಿ ಹೇಳಿದ್ದೇನೆ.

ಡೀಸೆಲ್ ಸಾಗುವ ದಾರಿ

ಟ್ಯಾಂಕಿನ ತಳದ ಹತ್ತಿರದವರೆಗೆ ಇಳಿದಿರುವ ಹೀರುಕೊಳವೆ, ಅದರ ತುದಿಯ ಜರಡಿ, ಅಲ್ಲಿಂದ ಚಾಸಿಯ ಗುಂಟ ಬರುವ ಲೋಹದ ಪೈಪು, ನಡುನಡುವೆ ರಬ್ಬರ್ ಹೋಸುಗಳು, ನೀರು ಬೇರ್ಪಡಿಸುವ ಬಟ್ಟಲು, ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ದೂಡುವ ಫೀಡ್ ಪಂಪು, ಫಿಲ್ಟರ್, ಬಳಿಕ ಇಂಜೆಕ್ಷನ್ ಪಂಪು, ಅಲ್ಲಿಂದ ಹೈ ಪ್ರೆಶರ್ ಪೈಪುಗಳ ಮೂಲಕ ನಾಝಲ್‌ಗಳು, ಮಿಕ್ಕ ಡೀಸೆಲ್ ಮರಳಿ ಟ್ಯಾಂಕಿಗೆ ಹೋಗುವ ರಿಟರ್ನ್ ಲೈನು. ಬಟ್ಟಲಿನ ಸ್ಥಾನ ಗಾಡಿಯಿಂದ ಗಾಡಿಗೆ ಬದಲಾಗಬಹುದು. ಕೆಲವು ರೋಟರಿ ಪಂಪಿನ (ತಿರುಗುವ ಒಂದೇ ಭಾಗ ಎಲ್ಲ ಸಿಲಿಂಡರುಗಳಿಗೂ ಡೀಸೆಲ್ ಹಂಚುವ ಇಂಜೆಕ್ಷನ್ ಪಂಪು) ಎಂಜಿನ್ನುಗಳಲ್ಲಿ ಪ್ರತ್ಯೇಕ ಫೀಡ್ ಪಂಪೇ ಇರುವುದಿಲ್ಲ, ಇಂಜೆಕ್ಷನ್ ಪಂಪಿನೊಳಗಿನ ಪುಟ್ಟ ಪಂಪೇ ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ. ನಿಮ್ಮ ಗಾಡಿಯ ದಾರಿಯನ್ನು ಬೆರಳಿಟ್ಟು ಅನುಸರಿಸಿ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಮೊದಲ ಕೆಲಸ.

ಆ ಚಿತ್ರದಲ್ಲಿ ಫೀಡ್ ಪಂಪಿನ ಹತ್ತಿರ ಒಂದು ಗೆರೆ ಎಳೆಯಿರಿ. ಗೆರೆಯ ಟ್ಯಾಂಕಿನ ಕಡೆಯದು ಎಳೆತದ ಭಾಗ, ಎಂಜಿನ್ನಿನ ಕಡೆಯದು ಒತ್ತಡದ ಭಾಗ. ಒತ್ತಡದ ಭಾಗದಲ್ಲಿ ಜೋಡಣೆ ಸಡಿಲವಾದರೆ ಡೀಸೆಲ್ ಹೊರಗೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಬೀಳುತ್ತದೆ. ಎಳೆತದ ಭಾಗದಲ್ಲಿ ಹಾಗಲ್ಲ: ಅಲ್ಲಿ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಿರುವುದರಿಂದ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ, ಹೊರಗೆಲ್ಲ ಒಣಗಿದಂತೆಯೇ ಇರುತ್ತದೆ. ‘ಎಲ್ಲೂ ಲೀಕ್ ಇಲ್ಲ, ಪೈಪುಗಳೆಲ್ಲ ಸರಿಯಾಗಿವೆ’ ಎಂಬ ಮಾತಿಗೆ ಈ ಭಾಗದಲ್ಲಿ ಯಾವ ಬೆಲೆಯೂ ಇಲ್ಲ. ಹಣ ಕಳೆದುಕೊಂಡವರಲ್ಲಿ ಬಹುಮಂದಿ ದಾರಿ ತಪ್ಪಿದ್ದು ಇಲ್ಲೇ ಎಂದು ನನ್ನ ಖಚಿತ ಅಭಿಪ್ರಾಯ.

ಲಕ್ಷಣಗಳನ್ನು ಓದುವುದು

ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿ ಯಾವಾಗ, ಹೇಗೆ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಐಡ್ಲಿಂಗ್‌ನಲ್ಲಿ ಗಂಟೆಗಟ್ಟಲೆ ಓಡುವ ಎಂಜಿನ್ ಲೋಡ್ ಬಿದ್ದ ಕೂಡಲೇ ಸೋಲುತ್ತಿದ್ದರೆ ದಾರಿಯಲ್ಲಿ ಎಲ್ಲೋ ಅಡಚಣೆಯಿದೆ. ಅರ್ಧ ಮುಚ್ಚಿದ ಪೈಪಿನಲ್ಲೂ ಐಡ್ಲಿಂಗ್‌ಗೆ ಸಾಲುವಷ್ಟು ಡೀಸೆಲ್ ಹರಿಯುತ್ತದೆ, ಚಡಾವಿಗೆ ಸಾಲದು. ನಿಂತು ಹತ್ತು ನಿಮಿಷದ ಮೇಲೆ ಸ್ಟಾರ್ಟ್ ಆಗುವುದೂ ಅಡಚಣೆಯ ಗುರುತೇ, ಏಕೆಂದರೆ ಎಳೆತ ನಿಂತಾಗ ಜರಡಿಗೆ ಅಂಟಿದ ಕಸ ಕೆಳಗಿಳಿಯುತ್ತದೆ ಅಥವಾ ನಿಧಾನವಾಗಿ ಹರಿದ ಡೀಸೆಲ್ ಫಿಲ್ಟರ್ ತುಂಬಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾಗಿ, ರಾತ್ರಿಯಿಡೀ ನಿಂತ ಗಾಡಿ ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಗಿ, ಒಂದು ನಿಮಿಷ ಏರುಪೇರಾಗಿ ಓಡಿ, ಆಮೇಲೆ ದಿನವೆಲ್ಲ ಸರಿಯಾಗಿದ್ದರೆ ಎಲ್ಲೋ ಗಾಳಿ ಸೇರಿಕೊಂಡು ಡೀಸೆಲ್ ಟ್ಯಾಂಕಿಗೆ ಹಿಂದಿಳಿಯುತ್ತಿದೆ ಎಂದು ತಿಳಿಯಬೇಕು. ಟ್ಯಾಂಕು ತುಂಬಿದಾಗ ತೊಂದರೆಯಿಲ್ಲ, ಕಾಲು ಭಾಗಕ್ಕೆ ಇಳಿದಾಗ ಮಾತ್ರ ಇದೆ ಎಂದಾದರೆ ಹೀರುಕೊಳವೆಯನ್ನೇ ಮೊದಲು ಶಂಕಿಸಿ.

ಹೊಗೆಯ ಬಣ್ಣ ಬಹಳ ವಿಷಯ ಹೇಳುತ್ತದೆ. ಶಕ್ತಿ ಕುಂದಿದಾಗ ಕಪ್ಪು ಹೊಗೆ ಬಂದರೆ ಡೀಸೆಲ್ ಬೇಕಾದಷ್ಟು ಬರುತ್ತಿದೆ, ಗಾಳಿ ಸಾಲುತ್ತಿಲ್ಲ ಎಂದರ್ಥ; ಬೇಸಿಗೆಯ ಧೂಳಿನಲ್ಲಿ ಓಡಿದ ಗಾಡಿಯ ಏರ್ ಫಿಲ್ಟರ್ ಬಿಚ್ಚಿ ನೋಡಿ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಂಥ ಕಡೆ ಗಾಳಿಯ ಒತ್ತಡವೇ ಕರಾವಳಿಗಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆಯಿರುವುದರಿಂದ, ಟರ್ಬೊ ಇಲ್ಲದ ಹಳೆಯ ಎಂಜಿನ್ ಅಲ್ಲಿ ತುಸು ಕಪ್ಪು ಹೊಗೆ ಬಿಟ್ಟು ಸೋಲುವುದು ಸಹಜ, ಅದು ರೋಗವಲ್ಲ. ಶಕ್ತಿ ಕುಂದಿದರೂ ಹೊಗೆಯೇ ಇಲ್ಲದಿದ್ದರೆ, ಅಥವಾ ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಏನೂ ಬರದಿದ್ದರೆ, ಅದು ಡೀಸೆಲ್ ಕೊರತೆಯೇ. ಬಿಳಿ ಹೊಗೆ ತುಂಬ ಬಂದು ಸ್ಟಾರ್ಟ್ ಆಗದಿದ್ದರೆ ಡೀಸೆಲ್ ಒಳಹೋಗುತ್ತಿದೆ ಆದರೆ ಉರಿಯುತ್ತಿಲ್ಲ. ಹೀಟರ್ ಪ್ಲಗ್, ಟೈಮಿಂಗ್, ಕಂಪ್ರೆಶನ್ ಅಥವಾ ಡೀಸೆಲ್‌ನಲ್ಲಿ ಬೆರೆತ ನೀರಿನ ಕಡೆಗೆ ಹುಡುಕಾಟ ತಿರುಗಬೇಕು.

ಇನ್ನೆರಡು ಸಣ್ಣ ಪರೀಕ್ಷೆಗಳನ್ನು ಈಗಲೇ ಮುಗಿಸಿಬಿಡಿ. ಒಬ್ಬರು ಪೆಡಲನ್ನು ಪೂರ್ತಿ ಒತ್ತಿದಾಗ ಪಂಪಿನ ಲಿವರ್ ತನ್ನ ಕೊನೆಯ ಸ್ಟಾಪರಿಗೆ ತಾಗುತ್ತದೆಯೇ ಎಂದು ಮತ್ತೊಬ್ಬರು ಬಾನೆಟ್ ಕೆಳಗೆ ನೋಡಬೇಕು. ಕೇಬಲ್ ಸಡಿಲವಾಗಿಯೋ ಕಾಲಡಿಯ ಮ್ಯಾಟ್ ಅಡ್ಡ ಬಂದೋ ಅದು ತಾಗದ ಗಾಡಿಗಳಿವೆ. ರೋಟರಿ ಪಂಪಾದರೆ ಅದರ ಮೇಲಿನ ಸ್ಟಾಪ್ ಸೊಲೆನಾಯ್ಡಿಗೆ (ಡೀಸೆಲ್ ದಾರಿಯನ್ನು ತೆರೆದು ಮುಚ್ಚುವ ವಿದ್ಯುತ್ ವಾಲ್ವಿಗೆ) ಕೀಲಿ ಆನ್ ಮಾಡಿದಾಗ ಬ್ಯಾಟರಿಯಷ್ಟೇ ವೋಲ್ಟ್ ಬರುತ್ತಿದೆಯೇ, ‘ಟಕ್’ ಎಂಬ ಸದ್ದು ಕೇಳುತ್ತಿದೆಯೇ ಎಂದು ನೋಡಿ. ಹಳ್ಳ ದಾಟಿ ಬಂದ ಗಾಡಿಯಲ್ಲಿ ಈ ವೈರಿನ ಲಗ್ ಹಸಿರುಗಟ್ಟಿ, ಕುಲುಕಾಟಕ್ಕೆ ಸಂಪರ್ಕ ತಪ್ಪಿ, ಡೀಸೆಲ್ ಕೊರತೆಯಂತೆಯೇ ಗಾಡಿಯನ್ನು ನಿಲ್ಲಿಸುತ್ತದೆ. ಆದರೆ ಅಂಥ ಗಾಡಿ ಸ್ವಿಚ್ ಆಫ್ ಮಾಡಿದಂತೆ ಒಮ್ಮೆಲೇ ನಿಲ್ಲುತ್ತದೆ. ಡೀಸೆಲ್ ಸಾಲದ ಗಾಡಿ ಮುಗ್ಗರಿಸುತ್ತ ನಿಲ್ಲುತ್ತದೆ.

ಕೆಲಸಕ್ಕೆ ಮುನ್ನ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಡಿ. ಡೀಸೆಲ್ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬೀಳದಂತೆ ಎಂಜಿನ್ ತಣ್ಣಗಾಗಲು ಬಿಡಿ. ಡೀಸೆಲನ್ನು ಬಾಯಿಯಿಂದ ಎಳೆಯುವ ಹಳೆಯ ಅಭ್ಯಾಸ ಬಿಡಬೇಕು. ಶ್ವಾಸಕೋಶಕ್ಕೆ ಸ್ವಲ್ಪ ಇಳಿದರೂ ಅಪಾಯ. ಚಾಲೂ ಎಂಜಿನ್ನಿನ ಹೈ ಪ್ರೆಶರ್ ಪೈಪಿನಿಂದ ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಸಣ್ಣ ಚುಕ್ಕೆಯಂತೆ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಹೊರತೆಗೆದ ಡೀಸೆಲನ್ನು ತೋಟಕ್ಕೋ ಹಳ್ಳಕ್ಕೋ ಚೆಲ್ಲದೆ ಡಬ್ಬದಲ್ಲಿ ಹಿಡಿಯಿರಿ. ಅದೇ ಡಬ್ಬ ಮುಂದೆ ನಿಮ್ಮ ಸಾಕ್ಷಿಯೂ ಆಗುತ್ತದೆ.

ಮೊದಲ ಹಂತ: ಟ್ಯಾಂಕಿನ ಮುಚ್ಚಳ ಮತ್ತು ಉಸಿರುಕೊಳವೆ

ಡೀಸೆಲ್ ಖಾಲಿಯಾದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಮುಚ್ಚಳದ ಸಣ್ಣ ತೂತೋ ಟ್ಯಾಂಕಿನ ಮೇಲಿನ ಬ್ರೀದರ್ ಪೈಪೋ ಕೆಸರಿನಿಂದ ಮುಚ್ಚಿಹೋದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತ ಹೋಗಿ, ಫೀಡ್ ಪಂಪು ಎಳೆಯಲಾರದೆ ಸೋಲುತ್ತದೆ. ಕೆಮ್ಮಣ್ಣಿನ ದಾರಿಯಲ್ಲಿ ಓಡುವ ಗಾಡಿಗಳಲ್ಲಿ ಇದು ಅಪರೂಪವಲ್ಲ. ಕಣಜದ ಹುಳು ಬ್ರೀದರ್ ತುದಿಯಲ್ಲಿ ಮಣ್ಣಿನ ಗೂಡು ಕಟ್ಟಿದ್ದನ್ನೂ ಕಂಡಿದ್ದೇನೆ. ಗಾಡಿ ಸೋತು ನಿಂತ ಕ್ಷಣದಲ್ಲೇ ಮುಚ್ಚಳ ಬಿಚ್ಚಿ ಕಿವಿಗೊಡಿ. ‘ಸುಯ್’ ಎಂದು ಗಾಳಿ ಒಳಗೆಳೆದುಕೊಂಡ ಸದ್ದು ಕೇಳಿ, ಆಮೇಲೆ ಗಾಡಿ ಸರಿಯಾದರೆ ದೋಷ ಸಿಕ್ಕಿತು. ಸದ್ದು ಕೇಳಿಸದಿದ್ದರೂ ಒಮ್ಮೆ ಮುಚ್ಚಳವನ್ನು ಸಡಿಲವಾಗಿಟ್ಟು ಅದೇ ಚಡಾವು ಹತ್ತಿಸಿ ನೋಡುವುದು ಒಳ್ಳೆಯದು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಎರಡನೆಯ ಹಂತ: ಒಂದು ಗಾಜಿನ ಬಾಟಲಿ

ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ತಿರುಪನ್ನು ಸಡಿಲಿಸಿ ಅರ್ಧ ಲೀಟರಿನಷ್ಟು ಡೀಸೆಲನ್ನು ಶುಭ್ರವಾದ ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ. ಡೀಸೆಲ್ ನೀರಿಗಿಂತ ಹಗುರ. ಒಂದು ಲೀಟರ್ ಸುಮಾರು 830 ಗ್ರಾಂ ತೂಗುತ್ತದೆ. ಹಾಗಾಗಿ ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಎರಡರ ನಡುವಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕೆಂಪು ಪುಡಿಯಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದಿದೆ. ಆ ಗೆರೆಯ ಹತ್ತಿರ ಕಂದು ಬಣ್ಣದ ಲೋಳೆ ತೇಲುತ್ತಿದ್ದರೆ ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಪಾಚಿ ಅದು. ಜರಡಿಗೂ ಫಿಲ್ಟರಿಗೂ ಮೆತ್ತಿಕೊಂಡು ಹೊಸ ಫಿಲ್ಟರನ್ನು ವಾರದಲ್ಲೇ ಕಟ್ಟಿಸುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಂದಿಗೆ ವಾರಗಟ್ಟಲೆ ನಿಲ್ಲುವ ತೋಟದ ಗಾಡಿಗಳಿಗೆ ಈ ಬಾಧೆ ಹೆಚ್ಚು, ಏಕೆಂದರೆ ಟ್ಯಾಂಕಿನ ಖಾಲಿ ಜಾಗದ ತೇವ ರಾತ್ರಿಯ ತಂಪಿಗೆ ಹನಿಗಟ್ಟಿ ತಳಕ್ಕಿಳಿಯುತ್ತದೆ. ಬ್ಯಾರಲ್‌ನಲ್ಲಿ ಡೀಸೆಲ್ ಇಟ್ಟುಕೊಳ್ಳುವವರು ತಳದ ಕೊನೆಯ ಕೆಲವು ಲೀಟರನ್ನು ಗಾಡಿಗೆ ಹಾಕದಿರುವುದೇ ಲೇಸು.

ಬಾಟಲಿಯಲ್ಲಿ ನೀರೋ ಲೋಳೆಯೋ ಕಂಡರೆ ಬರೀ ಫಿಲ್ಟರ್ ಬದಲಿಸಿ ಮುಗಿಸಬೇಡಿ. ಟ್ಯಾಂಕನ್ನು ಖಾಲಿ ಮಾಡಿ, ಇಳಿಸಿ, ತೊಳೆದು, ಒಣಗಿಸಿ ಮತ್ತೆ ಕಟ್ಟಬೇಕು. ಇಳಿಸಿದಾಗ ತಳವನ್ನೂ ಪರೀಕ್ಷಿಸಿ: ಬಂಡೆಗೆ ಬಡಿದು ಒಳಕ್ಕೆ ಉಬ್ಬಿದ ತಳ ಹೀರುಕೊಳವೆಯ ಬಾಯನ್ನು ಅರ್ಧ ಮುಚ್ಚಿರುವುದುಂಟು. ಹೀರುಕೊಳವೆಯನ್ನು ಹೊರತೆಗೆದು ಉದ್ದಕ್ಕೂ ಬೆಳಕಿಗೆ ಹಿಡಿಯಿರಿ. ಕೊಳವೆಯ ಮೇಲ್ಭಾಗದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಟ್ಯಾಂಕು ತುಂಬಿರುವಾಗ ಅದು ಡೀಸೆಲ್‌ನಲ್ಲಿ ಮುಳುಗಿ ಸುಮ್ಮನಿರುತ್ತದೆ, ಮಟ್ಟ ಅದಕ್ಕಿಂತ ಕೆಳಗಿಳಿದ ದಿನ ಗಾಳಿ ಎಳೆಯತೊಡಗುತ್ತದೆ. ‘ಕಾಲು ಟ್ಯಾಂಕಿನ ರೋಗ’ಕ್ಕೆ ಬಹಳ ಸಲ ಕಾರಣ ಇದೇ. ಇನ್ನೊಂದು ಕಾರಣ ಬರೀ ಇಳಿಜಾರು: ಕಡಿದಾದ ಏರಿನಲ್ಲಿ ಡೀಸೆಲ್ ಎಲ್ಲ ಟ್ಯಾಂಕಿನ ಹಿಂಭಾಗಕ್ಕೆ ಸರಿದು, ಕೊಳವೆ ಮುಂಭಾಗದಲ್ಲಿದ್ದರೆ ಬರಿದಾಗುತ್ತದೆ. ಅದು ದೋಷವಲ್ಲ, ಅಂಥ ದಾರಿಗೆ ಅರ್ಧ ಟ್ಯಾಂಕಿಗಿಂತ ಕಡಿಮೆ ಇಟ್ಟುಕೊಂಡು ಹೊರಡಬಾರದು ಅಷ್ಟೆ.

ಮೂರನೆಯ ಹಂತ: ಕ್ಯಾನ್ ಪರೀಕ್ಷೆ

ಇಡೀ ಹುಡುಕಾಟದಲ್ಲಿ ನಾನು ಅತಿ ಹೆಚ್ಚು ನಂಬುವುದು ಈ ಪರೀಕ್ಷೆಯನ್ನು. ಐದು ಲೀಟರಿನ ಶುಭ್ರವಾದ ಕ್ಯಾನಿನಲ್ಲಿ ಸೋಸಿದ ಹೊಸ ಡೀಸೆಲ್ ತುಂಬಿ, ಡೀಸೆಲ್‌ಗೆ ತಾಳುವ ಹೊಸ ಹೋಸನ್ನು ಅದರ ತಳಕ್ಕಿಳಿಸಿ, ಇನ್ನೊಂದು ತುದಿಯನ್ನು ಫೀಡ್ ಪಂಪಿನ ಒಳದಾರಿಗೆ ನೇರವಾಗಿ ಜೋಡಿಸಬೇಕು. ರಿಟರ್ನ್ ಲೈನನ್ನೂ ಟ್ಯಾಂಕಿನಿಂದ ಬಿಡಿಸಿ ಇದೇ ಕ್ಯಾನಿಗೆ ತಿರುಗಿಸಿ. ಪಂಪು ತನಗೆ ಬೇಕಾದುದಕ್ಕಿಂತ ಹೆಚ್ಚು ಎಳೆದು ಮಿಕ್ಕದ್ದನ್ನು ಮರಳಿಸುವುದರಿಂದ, ಹಾಗೆ ಮಾಡದಿದ್ದರೆ ಕ್ಯಾನು ಬೇಗ ಬರಿದಾಗುತ್ತದೆ. ಕ್ಯಾನನ್ನು ಸೈಲೆನ್ಸರಿನಿಂದಲೂ ಫ್ಯಾನಿನಿಂದಲೂ ದೂರದಲ್ಲಿ, ಬೀಳದಂತೆ ಹಗ್ಗದಿಂದ ಬಿಗಿದು ಕಟ್ಟಿ, ತೋಟದೊಳಗಿನ ಖಾಸಗಿ ದಾರಿಯಲ್ಲಿ ಮಾತ್ರ, ನಿಧಾನವಾಗಿ, ಗಾಡಿ ಎಲ್ಲಿ ಸೋಲುತ್ತಿತ್ತೋ ಅಂಥದೇ ಚಡಾವು ಹತ್ತಿಸಿ.

ಗಾಡಿ ಸಲೀಸಾಗಿ ಹತ್ತಿದರೆ ದೋಷ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆಯೇ ಇದೆ. ಪಂಪು, ನಾಝಲ್ ಎಲ್ಲ ನಿರ್ದೋಷಿಗಳು. ಮೊದಲಿನಂತೆಯೇ ಸೋತರೆ ಫೀಡ್ ಪಂಪಿನಿಂದ ಮುಂದಕ್ಕೆ ನೋಡಬೇಕು. ಇಲ್ಲಿ ಒಂದು ಎಚ್ಚರ ಅಗತ್ಯ. ಮೊದಲ ಸಲ ಕ್ಯಾನು ಹೆಚ್ಚುಕಡಿಮೆ ಟ್ಯಾಂಕಿನ ಮಟ್ಟದಲ್ಲೇ ಇರಬೇಕು. ಎತ್ತರದಲ್ಲಿಟ್ಟರೆ ಡೀಸೆಲ್ ತನ್ನ ತೂಕದಿಂದಲೇ ಇಳಿದುಬಂದು, ಸೋತುಹೋದ ಫೀಡ್ ಪಂಪೂ ಸರಿಯಿದ್ದಂತೆ ತೋರುತ್ತದೆ. ಎತ್ತರದ ಪರೀಕ್ಷೆಯನ್ನು ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ: ಆಗ ಗಾಡಿ ನಿಂತಲ್ಲೇ ಇರಲಿ, ಫೀಡ್ ಪಂಪನ್ನು ಬಿಟ್ಟು ಹೋಸನ್ನು ನೇರವಾಗಿ ಫಿಲ್ಟರಿನ ಒಳದಾರಿಗೆ ಕೊಟ್ಟು, ಕ್ಯಾನನ್ನು ಬಾನೆಟ್‌ಗಿಂತ ಎತ್ತರಕ್ಕೆ ಕಟ್ಟಿ ಎಂಜಿನ್ನಿಗೆ ಪೂರ್ತಿ ಆಕ್ಸಲರೇಟರ್ ಕೊಟ್ಟು ನೋಡಿ. ಇದರಲ್ಲಿ ಸರಿಹೋಗಿ ಮೊದಲಿನದರಲ್ಲಿ ಸೋತಿದ್ದರೆ ಶಂಕೆ ಮೊದಲು ಫೀಡ್ ಪಂಪಿನ ಮೇಲೆಯೇ.

ನಾಲ್ಕನೆಯ ಹಂತ: ಗಾಳಿ ಸೇರುವ ಜಾಗ

ಇದಕ್ಕೆ ಬೇಕಾದುದು ಒಂದು ಗೇಣು ಪಾರದರ್ಶಕ ಹೋಸು. ಫಿಲ್ಟರಿಗೂ ಇಂಜೆಕ್ಷನ್ ಪಂಪಿಗೂ ನಡುವೆ ಅದನ್ನು ಸೇರಿಸಿ ಎಂಜಿನ್ ಓಡಿಸಿ. ಆಗತಾನೇ ಬಿಚ್ಚಿ ಕಟ್ಟಿದ್ದರಿಂದ ಮೊದಲ ಒಂದೆರಡು ನಿಮಿಷ ಗುಳ್ಳೆಗಳು ಬರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೂ ಅಕ್ಕಿಕಾಳಿನಂಥ ಗುಳ್ಳೆಗಳು ಸಾಲುಗಟ್ಟಿ ಸಾಗುತ್ತಿದ್ದರೆ, ಎಂಜಿನ್ನಿನ ವೇಗ ಹೆಚ್ಚಿಸಿದಾಗ ಅವೂ ಹೆಚ್ಚಾದರೆ, ಎಳೆತದ ಭಾಗದಲ್ಲಿ ಗಾಳಿ ಸೇರುತ್ತಿದೆ. ಈಗ ಪಾರದರ್ಶಕ ತುಂಡನ್ನು ಒಂದೊಂದೇ ಜೋಡಣೆ ದಾಟಿಸುತ್ತ ಟ್ಯಾಂಕಿನ ಕಡೆಗೆ ಒಯ್ಯಿರಿ. ಯಾವ ಜಾಗದಲ್ಲಿ ಗುಳ್ಳೆ ಕಾಣುವುದು ನಿಲ್ಲುತ್ತದೆಯೋ, ಅದಕ್ಕೂ ಅದರ ಹಿಂದಿನ ಜಾಗಕ್ಕೂ ನಡುವೆ ದೋಷವಿದೆ. ಶಂಕೆಯಿರುವ ಜೋಡಣೆಗಳಿಗೆ ದಪ್ಪಗೆ ಗ್ರೀಸ್ ಮೆತ್ತಿ ನೋಡುವುದೂ ಒಂದು ಉಪಾಯ. ಯಾವುದಕ್ಕೆ ಗ್ರೀಸ್ ಹಚ್ಚಿದಾಗ ಗುಳ್ಳೆ ನಿಂತಿತೋ ಅದನ್ನೇ ರಿಪೇರಿ ಮಾಡಿಸಿ. ಪರೀಕ್ಷೆ ಮುಗಿದ ಮೇಲೆ ಪಾರದರ್ಶಕ ಹೋಸನ್ನು ಅಲ್ಲೇ ಬಿಡಬೇಡಿ, ಎಂಜಿನ್ನಿನ ಬಿಸಿಗೆ ಅದು ಗಡುಸಾಗಿ ಸೀಳುತ್ತದೆ.

ಬಹುತೇಕ ಗಾಳಿ ಸೇರುವುದು ಮೂರೇ ಕಡೆ: ಗಡುಸಾದ ರಬ್ಬರ್ ಹೋಸಿನ ತುದಿ, ಎರಡನೆಯ ಸಲ ಬಳಸಿದ ತಾಮ್ರದ ವಾಶರ್, ನೀರಿನ ಬಟ್ಟಲಿನ ರಿಂಗ್. ಹೋಸು ಬದಲಿಸುವಾಗ ಚಾಸಿಗೆ ಕಟ್ಟಿದ ಕ್ಲಿಪ್‌ಗಳ ಕೆಳಗೆ ಲೋಹದ ಪೈಪನ್ನೂ ನೋಡಿ. ಕ್ಲಿಪ್ ಹಿಡಿದ ಜಾಗದಲ್ಲಿ ಕೆಸರು ನಿಂತು ಪೈಪು ತುಕ್ಕಿನಿಂದ ತೂತಾಗುತ್ತದೆ, ಅದು ಹೊರಗಿನಿಂದ ಎಂದೂ ಕಾಣುವುದಿಲ್ಲ. ಕಲ್ಲಿಗೆ ಬಡಿದು ಚಪ್ಪಟೆಯಾದ ಪೈಪೂ ಹೀಗೆಯೇ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತದೆ.

ಅಡಚಣೆ ಎಷ್ಟಿದೆ ಎಂದು ಅಳೆಯಬೇಕೆಂದರೆ ಫೀಡ್ ಪಂಪಿನ ಒಳದಾರಿಯಲ್ಲಿ ಟಿ-ಜೋಡಣೆಯಿಟ್ಟು ವ್ಯಾಕ್ಯೂಮ್ ಗೇಜ್ ಕಟ್ಟಬಹುದು. ಡೀಸೆಲನ್ನು ಒಂದು ಮೀಟರ್ ಎತ್ತರಕ್ಕೆ ಎಳೆಯಲು ಬೇಕಾಗುವುದು ಸುಮಾರು 8 ಕಿಲೊಪಾಸ್ಕಲ್ ನಿರ್ವಾತ. ಜೀಪಿನಲ್ಲಿ ಟ್ಯಾಂಕಿಗೂ ಫೀಡ್ ಪಂಪಿಗೂ ಅಷ್ಟು ಎತ್ತರದ ಅಂತರವೇ ಇರುವುದಿಲ್ಲ. ಹಾಗಿರುವಾಗ ಗೇಜ್ 30 ಕಿಲೊಪಾಸ್ಕಲ್ ತೋರಿಸಿದರೆ ದಾರಿ ಕಟ್ಟಿದೆ ಎಂಬುದರಲ್ಲಿ ಸಂಶಯ ಬೇಡ.

ಐದನೆಯ ಹಂತ: ಫೀಡ್ ಪಂಪು

ಮೊದಲು ಕೈಪಂಪನ್ನು, ಅಂದರೆ ಡೀಸೆಲನ್ನು ಕೈಯಿಂದ ದೂಡುವ ಲಿವರನ್ನೋ ಗುಂಡಿಯನ್ನೋ, ಒತ್ತಿ ನೋಡಿ. ಲಿವರ್ ಸಡಿಲವಾಗಿ ಆಡುತ್ತ ಏನನ್ನೂ ಎತ್ತದಿದ್ದರೆ ಡಯಾಫ್ರಮ್ ಪಂಪು (ಬಾಗುವ ತೆಳು ಪೊರೆಯಿಂದ ಡೀಸೆಲ್ ಎಳೆಯುವ ಫೀಡ್ ಪಂಪು) ಕೆಟ್ಟಿದೆ ಎಂದು ತೀರ್ಮಾನಿಸಲು ಅವಸರ ಮಾಡಬೇಡಿ: ಎಂಜಿನ್ ನಿಂತಾಗ ಕ್ಯಾಮಿನ ಉಬ್ಬು ಪಂಪಿನ ತೋಳನ್ನು ಮೇಲಕ್ಕೆತ್ತಿ ಹಿಡಿದಿದ್ದರೆ ಕೈಪಂಪು ಕೆಲಸ ಮಾಡದು. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಬಳಿಕ ಪಂಪಿನ ಹೊರದಾರಿಯ ಪೈಪನ್ನು ಬಿಚ್ಚಿ ಬಾಟಲಿಗೆ ತಿರುಗಿಸಿ, ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಎಳೆದು, ಸೆಲ್ಫ್ ಹೊಡೆಯಿರಿ. ಡೀಸೆಲ್ ಜೋರಾಗಿ, ಬಿಟ್ಟುಬಿಟ್ಟು, ಒಂದೇ ಲಯದಲ್ಲಿ ಚಿಮ್ಮಬೇಕು. ಬೆಳಗ್ಗೆ ಮಾತ್ರ ಸ್ಟಾರ್ಟಿಂಗ್ ತೊಂದರೆಯಿದ್ದರೆ ಪಂಪಿನ ಒಳಗಿನ ವಾಲ್ವುಗಳಲ್ಲಿ ಕಸ ಸಿಕ್ಕಿ ಡೀಸೆಲ್ ಹಿಂದಕ್ಕೆ ಇಳಿಯುತ್ತಿರಬಹುದು. ಎಂಜಿನ್ ಆಯಿಲಿನ ಮಟ್ಟವನ್ನೂ ಅಳೆಯಿರಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರಿದ್ದು ಡೀಸೆಲ್ ವಾಸನೆ ಬರುತ್ತಿದ್ದರೆ, ಹರಿದ ಡಯಾಫ್ರಮ್ ಡೀಸೆಲನ್ನು ಎಂಜಿನ್ನಿನೊಳಕ್ಕೆ ಬಿಡುತ್ತಿರಬಹುದು. ಅಂಥ ಗಾಡಿಯನ್ನು ಆಯಿಲ್ ಬದಲಿಸದೆ ಒಂದು ಮೈಲಿಯೂ ಓಡಿಸಬಾರದು, ಬೇರಿಂಗ್ ಹೋಗುತ್ತದೆ.

ಆರನೆಯ ಹಂತ: ಫಿಲ್ಟರ್ ಮತ್ತು ರಿಟರ್ನ್ ಲೈನು

ಫಿಲ್ಟರ್ ಬದಲಿಸಿ, ಹಳೆಯದನ್ನು ಕತ್ತರಿಸಿ ಒಳಗೆ ನೋಡಿ. ಬಾಟಲಿ ಹೇಳಿದ್ದನ್ನೇ ಅದೂ ಹೇಳಬೇಕು. ಹಳೆಯ ರಬ್ಬರ್ ರಿಂಗ್ ಫಿಲ್ಟರ್ ತಲೆಗೇ ಅಂಟಿಕೊಂಡಿದ್ದು, ಹೊಸದು ಅದರ ಮೇಲೆ ಕುಳಿತರೆ ಡೀಸೆಲ್ ಸೋರುತ್ತದೆ, ಪ್ರತ್ಯೇಕ ಫೀಡ್ ಪಂಪಿಲ್ಲದ ಗಾಡಿಯಲ್ಲಾದರೆ ಗಾಳಿ ಸೇರುತ್ತದೆ.

ರಿಟರ್ನ್ ಲೈನಿನ ಕಡೆಗೆ ಯಾರೂ ನೋಡುವುದಿಲ್ಲ, ಆದರೆ ನೋಡಬೇಕು. ಬಾಷ್ ರೋಟರಿ ಪಂಪಿನಲ್ಲಿ ಒಳದಾರಿಯ ಬ್ಯಾಂಜೋ ಬೋಲ್ಟೂ (ಡೀಸೆಲ್ ಹಾಯಲು ಒಳಗೆ ಟೊಳ್ಳಾಗಿರುವ ಬೋಲ್ಟು) ರಿಟರ್ನ್ ಬೋಲ್ಟೂ ಹೊರಗಿನಿಂದ ಅವಳಿಗಳಂತೆ ಕಾಣುತ್ತವೆ. ರಿಟರ್ನ್ ಬೋಲ್ಟಿನ ತಲೆಯ ಮೇಲೆ ‘ಔಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತದೆ, ಅದರೊಳಗಿನ ತೂತು ಗುಂಡುಸೂಜಿ ದಾಟುವಷ್ಟು ಮಾತ್ರ. ಪಂಪಿನೊಳಗಿನ ಒತ್ತಡವನ್ನು ಕಾಯ್ದುಕೊಳ್ಳಲು ಆ ಸಣ್ಣ ತೂತು ಬೇಕೇ ಬೇಕು. ಪಂಪು ಬಿಚ್ಚಿ ಕಟ್ಟುವಾಗ ಇವೆರಡನ್ನು ಅದಲುಬದಲು ಮಾಡಿದರೆ ಒಳದಾರಿ ಕಿರಿದಾಗಿ ಎಂಜಿನ್ ಡೀಸೆಲ್ ಸಾಲದೆ ಒದ್ದಾಡುತ್ತದೆ. ಪಂಪಿನ ರಿಪೇರಿ ಆದ ಮೇಲೆಯೇ ಶುರುವಾದ ತೊಂದರೆಯಾದರೆ ಮೊದಲು ಈ ಬೋಲ್ಟುಗಳನ್ನೇ ನೋಡಿ. ಇನ್‌ಲೈನ್ ಪಂಪಾದರೆ (ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಪ್ಲಂಜರ್ ಸಾಲಾಗಿರುವ ಪಂಪಾದರೆ) ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗ್ ಸೋತು ಡೀಸೆಲ್ ಎಲ್ಲ ರಿಟರ್ನ್‌ಗೇ ಹರಿದುಹೋಗುತ್ತಿಲ್ಲವೇ ಎಂದು ಪರೀಕ್ಷಿಸಬೇಕು.

ಗಾಳಿ ತೆಗೆಯುವ ಕ್ರಮ

ಯಾವ ಭಾಗ ಬಿಚ್ಚಿದರೂ ಕಟ್ಟಿದ ಮೇಲೆ ಏರ್ ತೆಗೆಯಲೇಬೇಕು, ಅದನ್ನೂ ಟ್ಯಾಂಕಿನಿಂದ ಎಂಜಿನ್ನಿನ ದಿಕ್ಕಿಗೇ ಮಾಡಬೇಕು. ಮೊದಲು ಫಿಲ್ಟರಿನ ಮೇಲಿನ ಬ್ಲೀಡ್ ಬೋಲ್ಟನ್ನು ಸಡಿಲಿಸಿ, ನೊರೆ ನಿಂತು ತಿಳಿಯಾದ ಡೀಸೆಲ್ ಬರುವವರೆಗೆ ಕೈಪಂಪು ಒತ್ತುತ್ತಿದ್ದು, ಒತ್ತುತ್ತಿರುವಾಗಲೇ ಬಿಗಿಯಬೇಕು. ಅದೇ ರೀತಿ ಇಂಜೆಕ್ಷನ್ ಪಂಪಿನ ಬ್ಲೀಡ್ ಬೋಲ್ಟ್. ಆಮೇಲೆ ನಾಝಲ್‌ಗಳ ಯೂನಿಯನ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಬಟ್ಟೆ ಮುಚ್ಚಿ, ಕೈಗಳನ್ನು ದೂರವಿಟ್ಟು ಸೆಲ್ಫ್ ಹೊಡೆಯಬೇಕು. ಡೀಸೆಲ್ ಬಂದ ಮೇಲೆ ಒಂದೊಂದನ್ನೇ ಬಿಗಿಯುತ್ತ ಬಂದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಒಂದೇ ಸಮನೆ ಸೆಲ್ಫ್ ಹೊಡೆಯದೆ ನಡುವೆ ಸ್ಟಾರ್ಟರ್ ಮೋಟರಿಗೆ ಆರಲು ಬಿಡುವು ಕೊಡಿ.

ಕಾಮನ್ ರೈಲ್ ಗಾಡಿಗಳಲ್ಲಿ

ಈಗ ಹೇಳಿದ ನಟ್ಟು ಸಡಿಲಿಸುವ ಕೆಲಸವನ್ನು ಕಾಮನ್ ರೈಲ್ ಎಂಜಿನ್ನಿನಲ್ಲಿ ಯಾವ ಕಾರಣಕ್ಕೂ ಮಾಡಬಾರದು. ರೈಲಿನಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ. ಅದು ಪ್ರಾಣಕ್ಕೇ ಅಪಾಯ. ಏರ್ ತೆಗೆಯುವುದು ಕೈಪಂಪಿನಿಂದ ಫಿಲ್ಟರ್‌ವರೆಗೆ ಮಾತ್ರ. ಹೊಸ ಫಿಲ್ಟರಿಗೆ ಮೇಲಿನಿಂದ ಡೀಸೆಲ್ ಸುರಿದು ಕಟ್ಟುವುದೂ ಇಲ್ಲಿ ತಪ್ಪು, ಸೋಸದ ಡೀಸೆಲ್ ನೇರವಾಗಿ ಇಂಜೆಕ್ಟರಿಗೆ ಹೋಗುತ್ತದೆ.

ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ಪರೀಕ್ಷೆಗಳನ್ನು ಮುಗಿಸಿದ ಮೇಲೆ ಎಂಜಿನ್ನಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಜೋಡಿಸಿ. ರೈಲಿನಲ್ಲಿ ಒತ್ತಡ ಕಡಿಮೆಯಿದೆ ಎಂದು ಹೇಳುವ ಪಿ0087 ಎಂಬ ಕೋಡ್ ಬಂದ ಮಾತ್ರಕ್ಕೆ ಹೈ ಪ್ರೆಶರ್ ಪಂಪು ಕೆಟ್ಟಿದೆ ಎಂದಲ್ಲ. ಕಟ್ಟಿದ ಫಿಲ್ಟರೂ ಅದೇ ಕೋಡ್ ತರುತ್ತದೆ. ಎಂಜಿನ್ ಕೇಳುವ ಒತ್ತಡ ಮತ್ತು ನಿಜವಾಗಿ ಸಿಗುವ ಒತ್ತಡ, ಇವೆರಡನ್ನು ಚಡಾವು ಹತ್ತುವಾಗ ಜೊತೆಜೊತೆಗೆ ನೋಡುವುದು ಮುಖ್ಯ; ಓಡಿಸುವವರ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಅದನ್ನು ನೋಡಲಿ. ಕೆಳಗಿನ ಸರಬರಾಜು ಸರಿಯಿದ್ದೂ ಒತ್ತಡ ಏರದಿದ್ದರೆ ಇಂಜೆಕ್ಟರುಗಳ ರಿಟರ್ನ್ ಪೈಪುಗಳನ್ನು ಒಂದೊಂದು ಬಾಟಲಿಗೆ ತಿರುಗಿಸಿ ಅಳೆಯಲಾಗುತ್ತದೆ. ನಾಲ್ಕರಲ್ಲಿ ಒಂದು ಬಾಟಲಿ ಮಿಕ್ಕವಕ್ಕಿಂತ ಎದ್ದುಕಾಣುವಷ್ಟು ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ಅದರಾಚೆಗಿನದು ಉಪಕರಣಗಳುಳ್ಳ ವರ್ಕ್‌ಶಾಪಿನ ಕೆಲಸ.

ಲಡಾಖಿನ ಕಡೆಗೆ ಗಾಡಿ ಒಯ್ಯುವವರಿಗೆ ಒಂದು ಮಾತು. ಕಡುಚಳಿಯಲ್ಲಿ ಡೀಸೆಲ್‌ನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರನ್ನು ಕಟ್ಟಿಸುತ್ತದೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿವರೆಗೆ ಹರಿಯುವ ಚಳಿಗಾಲದ ಡೀಸೆಲನ್ನು ತಂದಿತು. ಇಲ್ಲಿಂದ ತುಂಬಿಸಿಕೊಂಡು ಹೋದ ಡೀಸೆಲ್ ಅಲ್ಲಿನ ಚಳಿಗಾಲಕ್ಕೆ ಹೊಂದುವುದಿಲ್ಲ.

ಪಂಪಿನ ಸರದಿ

ಮೇಲಿನ ಎಲ್ಲವೂ ಸರಿಯಾಗಿದ್ದು, ಎತ್ತರದ ಕ್ಯಾನಿನಿಂದ ಗುಳ್ಳೆಯಿಲ್ಲದ ಡೀಸೆಲ್ ಇಂಜೆಕ್ಷನ್ ಪಂಪಿನ ಬಾಯಿಗೇ ಬರುತ್ತಿದ್ದೂ ಎಂಜಿನ್ ಸೋತರೆ ಆಗ ಪಂಪು ಇಳಿಸಿ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಬೆಳೆದ, ಡೀಸೆಲ್ ಪಂಪು ತಯಾರಿಸುವ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಗ್ಯಾರೇಜುಗಳಲ್ಲಿ ಅದು ಇಂದಿಗೂ ‘ಮೈಕೋ ಪಂಪು’. ಅದನ್ನು ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ರಿಪೇರಿಯವರಲ್ಲೇ ಬಿಚ್ಚಿಸಬೇಕು, ತೋಟದ ಶೆಡ್ಡಿನಲ್ಲಿ ಅಲ್ಲ. ಕೊಡುವಾಗ ನೀವು ಮಾಡಿದ ಪರೀಕ್ಷೆಗಳನ್ನೂ ಬಾಟಲಿಯ ಡೀಸೆಲ್ ಹೇಗಿತ್ತೆಂಬುದನ್ನೂ ಬರೆದುಕೊಡಿ. ನೀರು ಹೊಕ್ಕ ಪಂಪಿನೊಳಗೆ ಏನನ್ನು ನೋಡಬೇಕೆಂದು ಅವರಿಗೆ ತಿಳಿದಿರುತ್ತದೆ.

ದುರಸ್ತಿಯಾದ ಗಾಡಿಯನ್ನು ಅದೇ ದಿನ ಸರಿಹೋಯಿತೆಂದು ಒಪ್ಪಿಕೊಳ್ಳಬೇಡಿ. ಸಂಜೆ ಮೂತಿ ಮೇಲಾಗಿರುವಂತೆ ಸಣ್ಣ ಏರಿನಲ್ಲಿ, ಗಾಲಿಗಳಿಗೆ ಕಲ್ಲು ಕೊಟ್ಟು ನಿಲ್ಲಿಸಿ. ಎಲ್ಲಾದರೂ ಗಾಳಿ ಸೇರುವ ದಾರಿ ಉಳಿದಿದ್ದರೆ ರಾತ್ರಿಯೊಳಗೆ ಡೀಸೆಲ್ ಹಿಂದಕ್ಕಿಳಿದಿರುತ್ತದೆ. ಬೆಳಗ್ಗೆ ಕೈಪಂಪು ಮುಟ್ಟದೆ ಸೆಲ್ಫ್ ಹೊಡೆದು, ಎಷ್ಟು ಸೆಕೆಂಡಿಗೆ ಹಿಡಿದುಕೊಂಡಿತು ಎಂದು ಗಮನಿಸಿ. ಆಮೇಲೆ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇದ್ದಾಗ ಗಾಡಿ ಸೋಲುತ್ತಿತ್ತೋ ಅಷ್ಟೇ ಇಟ್ಟುಕೊಂಡು, ಅದೇ ಲೋಡಿನೊಂದಿಗೆ, ಅದು ನಿಲ್ಲುತ್ತಿದ್ದ ಅದೇ ತಿರುವನ್ನು ಹತ್ತಿಸಿ ನೋಡಿ.